ಬಂಡೂರು ಕುರಿ ಸಾಕುವವರಿಗೆ ಮಂದೆಯ ನಿರ್ವಹಣೆ ಕಲಿಸುವುದು ಹೇಗೆ?

ಪ್ರಶ್ನೆ (ಮಳವಳ್ಳಿ ತಾಲ್ಲೂಕಿನಿಂದ)

ಮಾನ್ಯರೇ, ನಮ್ಮ ಕುರಿಗಾರರ ಗುಂಪಿನಿಂದ ಕಳೆದ ವರ್ಷ ಮೂರು ಬಾರಿ ತರಬೇತಿ ನಡೆಸಿದೆವು. ಬಂದವರು ಹಾಜರಿ ಪುಸ್ತಕಕ್ಕೆ ಸಹಿ ಹಾಕಿ, ಊಟ ಮುಗಿಸಿ, ಭಾಷಣ ಚೆನ್ನಾಗಿತ್ತೆಂದು ಹೇಳಿ ಹೋದರು. ಆದರೆ ಯಾರ ಮಂದೆಯಲ್ಲೂ ಏನೂ ಬದಲಾಗಲಿಲ್ಲ. ಮಳೆಗಾಲದಲ್ಲಿ ಮರಿಗಳು ಮೊದಲಿನಂತೆಯೇ ಸಾಯುತ್ತಿವೆ, ಹುಟ್ಟುವ ಮರಿಗಳಲ್ಲಿ ಬಂಡೂರಿನ ಗಿಡ್ಡ ಕಾಲಾಗಲಿ ತುಂಬಿದ ಹಿಂಭಾಗವಾಗಲಿ ಕಾಣುತ್ತಿಲ್ಲ. ಮಾಂಸಕ್ಕಾಗಿಯೇ ಕುರಿ ಸಾಕುವ ಇವರಿಗೆ ಮೊದಲು ಏನನ್ನು, ಹೇಗೆ ಕಲಿಸಬೇಕು?

ಉತ್ತರ (ನಿವೃತ್ತ ಪಶುವೈದ್ಯ, ಮೈಸೂರು)

ಟಗರಿನಿಂದ ಆರಂಭಿಸಿ. ಬಕ್ರೀದಿನ ಹೊತ್ತಿಗೆ ಒಳ್ಳೆಯ ಬೆಲೆ ಬರುತ್ತದೆಂದು ಮಂದೆಯ ಅತ್ಯುತ್ತಮ ಗಂಡು ಮರಿಯನ್ನು ಮಾರಿ, ಯಾರೂ ಕೊಳ್ಳದ ಮರಿಯನ್ನು ಬೀಜಕ್ಕೆ ಉಳಿಸಿಕೊಳ್ಳುವ ಪದ್ಧತಿ ಇರುವವರೆಗೆ ತಳಿ ಉಳಿಯುವುದಿಲ್ಲ. ಆ ಟಗರು ತನ್ನ ಮಕ್ಕಳನ್ನೇ ಕೂಡುತ್ತ ಹೋದರಂತೂ ಮರಿಗಳು ಇನ್ನಷ್ಟು ಸೊರಗುತ್ತವೆ. 25ರಿಂದ 30 ಕುರಿಗಳಿಗೆ ಒಂದು ಟಗರು ಸಾಕು, ಅದನ್ನು ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ನಾಲ್ಕೈದು ಮಂದೆಯವರು ಸೇರಿ ಟಗರುಗಳನ್ನು ಅದಲು ಬದಲು ಮಾಡಿಕೊಳ್ಳಬಹುದು, ಆದರೆ ಅದಕ್ಕೆ ಮುನ್ನ ರಕ್ತಪರೀಕ್ಷೆ ಮಾಡಿಸಿ ಗರ್ಭಪಾತ ತರುವ ಬ್ರುಸೆಲ್ಲಾ ರೋಗ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಲಸಿಕೆಯ ವಿಷಯ ಚಿಕ್ಕದು: ಕರುಳುಬೇನೆಗೆ ಪ್ರತಿವರ್ಷ ಮಳೆಗೆ ಮುಂಚೆ, ಕುರಿ-ಮೇಕೆಗಳ ಪ್ಲೇಗ್ ಎನಿಸಿದ ಪಿಪಿಆರ್‌ಗೆ ಮೂರು ವರ್ಷಕ್ಕೊಮ್ಮೆ. ಧನಗೂರಿನ ಕುರಿ ಸಂವರ್ಧನಾ ಕೇಂದ್ರ ನಿಮ್ಮ ತಾಲ್ಲೂಕಿನಲ್ಲೇ ಇದೆ. ಒಳ್ಳೆಯ ಬಂಡೂರು ಟಗರು ಹೇಗಿರುತ್ತದೆಂಬುದನ್ನು ಅಲ್ಲಿಗೆ ಕರೆದೊಯ್ದು ತೋರಿಸಿ.

ಉತ್ತರ (ಕುರಿ ಸಾಕುವವನು, ಮದ್ದೂರು)

ಡಾಕ್ಟರ್ ಸಾಹೇಬರ ಮಾತು ಸರಿ. ಆದರೆ ನನಗೆ ಬುದ್ಧಿ ಬಂದದ್ದು ಭಾಷಣದಿಂದಲ್ಲ, ಹುಣಸೆಮರದ ಕೊಂಬೆಗೆ ಕಟ್ಟಿದ ತಕ್ಕಡಿಯಿಂದ. ವ್ಯಾಪಾರಿ ಕಣ್ಣಂದಾಜಿನಲ್ಲಿ ಹದಿನಾರು ಕಿಲೋ ಎಂದ ಮರಿ ತೂಗಿದಾಗ ಹತ್ತೊಂಬತ್ತಾಯಿತು. ಅಂದಿನಿಂದ ಪ್ರತಿ ಮರಿಯನ್ನೂ ಹುಟ್ಟಿದ ದಿನ ಮತ್ತು ಮೂರು ತಿಂಗಳಿಗೆ ತೂಗಿ, ತಾಯಿಯ ಕಿವಿಯೋಲೆಯ ಸಂಖ್ಯೆಯೊಡನೆ ಬರೆದಿಡುತ್ತಿದ್ದೇನೆ. ಯಾವ ಕುರಿಗೆ ಹಾಲು ಕಡಿಮೆ, ಯಾವುದನ್ನು ಮಾರಬೇಕು ಎಂಬುದನ್ನು ಆ ಪುಸ್ತಕವೇ ಹೇಳುತ್ತದೆ. ಜಂತಿನ ಔಷಧವನ್ನೂ ತೂಕ ನೋಡಿಯೇ ಕುಡಿಸುತ್ತೇನೆ. ಎಲ್ಲಕ್ಕೂ ಒಂದೇ ಮುಚ್ಚಳ ಕುಡಿಸುತ್ತಿದ್ದಾಗ ದೊಡ್ಡ ಕುರಿಗಳಿಗೆ ಔಷಧ ಸಾಲುತ್ತಲೇ ಇರಲಿಲ್ಲ.

ಉತ್ತರ (ಪಾಂಡವಪುರ)

ನಿಮ್ಮ ತರಬೇತಿಗೆ ಹೆಂಗಸರು ಬಂದಿದ್ದರೇ? ಮರಿ ಹಾಕಿಸಿ, ಒಂದು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಿ, ಹೊಕ್ಕುಳಿಗೆ ಅಯೋಡಿನ್ ಹಚ್ಚಬೇಕಾದವರು ನಾವು, ಸಭೆಗೆ ಹೋಗುವವರು ಮನೆಯ ಗಂಡಸರು. ಅದೂ ಬೆಳಿಗ್ಗೆ ಹನ್ನೊಂದಕ್ಕೆ, ಮಂದೆ ಮೇಯಲು ಹೋಗಿರುವಾಗ.

ಪ್ರಶ್ನೆ ಕೇಳಿದವರು

ಬಂದಿರಲಿಲ್ಲ ಅಕ್ಕ, ನಾವೂ ಕರೆದಿರಲಿಲ್ಲ. ಮುಂದಿನ ಬಾರಿ ಸಂಜೆ, ಮಂದೆ ಮರಳಿದ ಮೇಲೆ, ಒಬ್ಬರ ಕೊಟ್ಟಿಗೆಯಲ್ಲೇ ಸೇರುತ್ತೇವೆ. ಮದ್ದೂರಿನವರೇ, ತಕ್ಕಡಿ ಎಷ್ಟು ಕಿಲೋದ್ದು ಕೊಳ್ಳಬೇಕು?