ಉಳಿದ ಪುಸ್ತಕ ಅರ್ಧ ಬೆಲೆಗೆ ಕೊಡಬಹುದಾ? ಅನುಭವ ಇದ್ದವರು ಹೇಳಿ

ಉಪ್ಪಾರಹಳ್ಳಿ, ತುಮಕೂರು:
ಎಲ್ಲರಿಗೂ ನಮಸ್ಕಾರ. ನಾನು, ನನ್ನ ತಂಗಿ ಸೇರಿ ತುಮಕೂರಿನಲ್ಲಿ ಒಂದು ಸಣ್ಣ ಪ್ರಕಾಶನ ನಡೆಸುತ್ತಿದ್ದೇವೆ. ಬೇರೆ ದೇಶಗಳ ಕಾದಂಬರಿಗಳ ಅನುವಾದ, ಜೊತೆಗೆ ಕನ್ನಡದಲ್ಲೇ ಬರೆದ ಪ್ರಯೋಗದ ಕಥೆಗಳು. ಒಂಬತ್ತು ಪುಸ್ತಕ ತಂದಿದ್ದೇವೆ. ಎರಡು ಚೆನ್ನಾಗಿ ಹೋದವು. ಉಳಿದ ಏಳರದ್ದು ಸುಮಾರು ಎರಡು ಸಾವಿರ ಪ್ರತಿ ಬಾಡಿಗೆ ರೂಮಿನಲ್ಲಿವೆ. ಓನರ್ ರೂಮು ಖಾಲಿ ಮಾಡಿ ಅಂದಿದ್ದಾರೆ. ರಾಜ್ಯೋತ್ಸವದ ತಿಂಗಳು ಶೇ. 50 ರಿಯಾಯಿತಿ ಇಟ್ಟು, ಐದು ಪುಸ್ತಕ ತೆಗೆದುಕೊಂಡವರಿಗೆ ಅಂಚೆ ವೆಚ್ಚ ನಮ್ಮದೇ ಅನ್ನೋಣ ಅಂತಿದ್ದೇವೆ. ಹೀಗೆ ಮಾಡಿದವರು ಇದ್ದೀರಾ? ಎಲ್ಲ ಪುಸ್ತಕಕ್ಕೂ ಒಂದೇ ದರ ಇಡಬೇಕಾ? ಆಮೇಲೆ ಜನ ಪೂರ್ತಿ ಬೆಲೆ ಕೊಟ್ಟು ಕೊಳ್ಳುತ್ತಾರಾ?

ಬಂಗಾರಪೇಟೆ:
ಕೊಳ್ಳಲ್ಲ. ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ.

ನಮ್ಮದೂ ಪ್ರಕಾಶನ ಇತ್ತು. ಲ್ಯಾಟಿನ್ ಅಮೆರಿಕದ ಕಥೆಗಳ ಒಂದು ಸಂಕಲನದ ಲೆಕ್ಕ ಹೇಳುತ್ತೇನೆ, ಕೇಳಿ. 240 ಪುಟ, ಡೆಮಿ ಸೈಜು, 500 ಪ್ರತಿ. ಕಾಗದ, ಅಚ್ಚು, ಬೈಂಡಿಂಗ್ ಸೇರಿ 46,000. ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಣೆ, ಪುಟಕ್ಕೆ 30ರಂತೆ 7,200. ಅನುವಾದಕರಿಗೆ 20,000. ಮುಖಪುಟಕ್ಕೆ 5,000. ಒಟ್ಟು 78,200. ಅಂದರೆ ಪ್ರತಿಗೆ 156 ರೂಪಾಯಿ ಚಿಲ್ಲರೆ. ಇದರಲ್ಲಿ ನಮ್ಮ ಓಡಾಟ, ಕರಡು ತಿದ್ದಿದ ರಾತ್ರಿಗಳು ಸೇರಿಲ್ಲ. ಬೆಲೆ 290 ಇಟ್ಟೆವು. ಅಂಗಡಿಗೆ ಶೇ. 40 ಕಮಿಷನ್ ಕೊಟ್ಟ ಮೇಲೆ ಕೈಗೆ 174. ಉಳಿಯೋದು 18 ರೂಪಾಯಿಗೂ ಕಡಿಮೆ. ಅದೂ ಎಲ್ಲ ಪ್ರತಿ ಹೋದರೆ, ಎಲ್ಲರೂ ದುಡ್ಡು ಕೊಟ್ಟರೆ.

ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ನಿಮಗೇನು ಕಷ್ಟ ಅನ್ನುತ್ತಾರೆ. ಕಾಗದಕ್ಕೆ ಇದೆ, ಅಚ್ಚಿಗೆ ಇದೆ. ಪುಸ್ತಕಕ್ಕೆ ಇಲ್ಲದ ಕಾರಣಕ್ಕೇ ನಾವು ಅಲ್ಲಿ ಕಟ್ಟಿದ್ದು ವಾಪಸ್ ಸಿಗಲ್ಲ.

ಅರ್ಧ ಬೆಲೆ ಬೇಡ ಅಂತ ನಾನು ಗಟ್ಟಿಯಾಗಿ ಹೇಳಿದ್ದೆ. ಪಾಲುದಾರರು ಕೇಳಲಿಲ್ಲ. 145ಕ್ಕೆ ಕೊಟ್ಟೆವು. ಪ್ರತಿಗೆ 11 ರೂಪಾಯಿ ಕೈಯಿಂದ ಹೋಯಿತು. ಅದು ಹೋಗಲಿ. ಮುಂದಿನ ಪುಸ್ತಕ ಬಂದಾಗ ನಮ್ಮ ಖಾಯಂ ಓದುಗರೇ ಫೋನ್ ಮಾಡಿ, 'ಸರ್, ರಿಯಾಯಿತಿ ಯಾವಾಗ? ಆವಾಗಲೇ ತಗೋತೀವಿ' ಅಂದರು. ಆ ಪುಸ್ತಕ ಅಲ್ಲೇ ಕೂತಿತು. ಪ್ರಕಾಶನವೂ ಅಲ್ಲಿಗೇ ನಿಂತಿತು.

ಚಿಂತಾಮಣಿ ಮೇಡಂ:
ಬಂಗಾರಪೇಟೆ ಸರ್, ನಿಮ್ಮ ನೋವು ಅರ್ಥ ಆಗುತ್ತದೆ. ಆದರೆ ಆ ಫೋನ್ ಮಾಡುವವರು ನನ್ನಂಥವರೇ. ನಾನು ಹೈಸ್ಕೂಲ್ ಟೀಚರ್. ಮನೆ ಸಾಲದ ಕಂತು, ಮಗಳ ಹಾಸ್ಟೆಲ್ ಎರಡೂ ಕಳೆದು ಪುಸ್ತಕಕ್ಕೆ ತಿಂಗಳಿಗೆ 500 ರೂಪಾಯಿ ಎತ್ತಿಡುತ್ತೇನೆ. 290ರ ಪುಸ್ತಕ ಆದರೆ ಒಂದು ಬರುತ್ತದೆ. 145 ಆದರೆ ಮೂರು. ಹೆಸರೇ ಕೇಳಿರದ ಲೇಖಕರನ್ನು ಪೂರ್ತಿ ಬೆಲೆಗೆ ತರೋಕೆ ನನಗೆ ಧೈರ್ಯ ಇಲ್ಲ. ಗೊತ್ತಿರುವ ಲೇಖಕರನ್ನೇ ತರುತ್ತೇನೆ. ಅರ್ಧ ಬೆಲೆ ಇದ್ದಾಗ ಮಾತ್ರ ಜಪಾನಿನದ್ದು, ಹಂಗೇರಿಯದ್ದು, ತಲೆಬುಡ ತಿಳಿಯದ ಪ್ರಯೋಗದ ಕಥೆ, ಎಲ್ಲಾ ಚೀಲಕ್ಕೆ ಬೀಳುತ್ತದೆ.

ಹಾಗೆ ತಂದದ್ದನ್ನೆಲ್ಲ ಶಾಲೆಯ ಸ್ಟಾಫ್ ರೂಮಿನ ಒಂದು ಬೀರುವಿನಲ್ಲಿ ಇಟ್ಟಿದ್ದೇನೆ. ಬೀಗ ಹಾಕಿಲ್ಲ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಪೂರ್ಣವಿರಾಮವೇ ಇಲ್ಲದ ಒಂದು ಕಥೆ ಓದಿ, 'ಮಿಸ್, ಇದನ್ನ ಉಸಿರು ಬಿಡದೆ ಓದಬೇಕಾ?' ಅಂತ ಕೇಳಿದಳು. ಅವಳ ಮನೆಗೆ ದಿನಪತ್ರಿಕೆ ಕೂಡ ಬರಲ್ಲ. ರಿಯಾಯಿತಿ ಇಲ್ಲದಿದ್ದರೆ ಆ ಪುಸ್ತಕ ಅವಳ ಕೈ ಸೇರುತ್ತಿರಲಿಲ್ಲ. ನಾನು ಕಾದು ಕೊಳ್ಳುವವಳು. ಅದಕ್ಕೆ ನನಗೆ ಯಾವ ನಾಚಿಕೆಯೂ ಇಲ್ಲ.

ಬಿ.ಎಚ್. ರಸ್ತೆ, ತುಮಕೂರು:
ಇಲ್ಲಿ ಅಂಗಡಿಯವರ ಮಾತು ಯಾರೂ ಎತ್ತಲಿಲ್ಲ. ನಾನು ಎತ್ತುತ್ತೇನೆ.

ಶೇ. 40 ಕಮಿಷನ್ ಅಂದ ಕೂಡಲೇ ನಾವು ಕೂತು ತಿನ್ನುತ್ತೇವೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. 290ರಲ್ಲಿ ನನಗೆ 116. ಅದರಲ್ಲಿ ಓದುಗರಿಗೆ ಶೇ. 10 ಬಿಡಲೇಬೇಕು, 29 ಹೋಯಿತು. ಉಳಿದ 87ರಲ್ಲಿ ಬಾಡಿಗೆ, ಕರೆಂಟು, ಹುಡುಗನ ಸಂಬಳ. ಅನುವಾದದ ಕಾದಂಬರಿ ಐದು ಪ್ರತಿ ತಂದರೆ ವರ್ಷದಲ್ಲಿ ಎರಡು ಹೋಗುತ್ತವೆ. ಉಳಿದ ಮೂರರ ಧೂಳು ನಾನೇ ಒರೆಸಬೇಕು. ಜೂನ್ ತಿಂಗಳ ಗೈಡು, ನೋಟ್‌ಬುಕ್ಕಿನ ದುಡ್ಡಿನಿಂದ ಆ ಕಪಾಟು ನಿಂತಿದೆ.

ಹೀಗಿರುವಾಗ ಪ್ರಕಾಶಕರು ನನಗೆ ಒಂದು ಮಾತೂ ಹೇಳದೆ ಮೊಬೈಲಿನಲ್ಲಿ ಅರ್ಧ ಬೆಲೆ ಅಂತ ಹಾಕುತ್ತಾರೆ. ಗಿರಾಕಿ ನನ್ನ ಅಂಗಡಿಯಲ್ಲಿ ನಿಂತು ಪುಸ್ತಕ ತೆಗೆದು, ಹತ್ತು ಪುಟ ಓದಿ, ಮುಖಪುಟದ ಫೋಟೋ ಹೊಡೆದುಕೊಂಡು ಹೋಗುತ್ತಾರೆ. ಸಣ್ಣ ಪ್ರಕಾಶಕರದ್ದು ಅಂತ ಮುಂಗಡ ದುಡ್ಡು ಕೊಟ್ಟು ತಂದ ಪ್ರತಿ ಅವು. ವಾಪಸ್ ತಗೊಳ್ಳಿ ಅಂದರೆ ಮೂಲೆ ಮಡಿಸಿದೆ ಅನ್ನುತ್ತಾರೆ. ಆಮೇಲೆ ನಾನು ಅಂಥವರ ಪುಸ್ತಕ ಇಡೋದೇ ಬಿಟ್ಟೆ. ಸರಿಯಾದ ಕೆಲಸ ಮಾಡಿದೆ.

ಬಂಗಾರಪೇಟೆ:
ಮುಂಗಡ ಕೊಟ್ಟು ತರುವ ಅಂಗಡಿಯವರು ನನಗೆ ಸಿಗಲೇ ಇಲ್ಲ ಸ್ವಾಮಿ. ನಮಗೆ ಸಿಕ್ಕವರು 60 ಪ್ರತಿ ಇಳಿಸಿಕೊಂಡು, ಬಿಲ್ಲು ಕೇಳಿದಾಗೆಲ್ಲ 'ಇನ್ನೂ ಹೋಗಿಲ್ಲ ಸರ್' ಅಂದವರು. ಕೊನೆಗೆ ಅಂಗಡಿಯೇ ಇರಲಿಲ್ಲ. 174ರಂತೆ 10,440 ರೂಪಾಯಿ.

ಬಿ.ಎಚ್. ರಸ್ತೆ, ತುಮಕೂರು:
ಯಾರೋ ಮಾಡಿದ್ದನ್ನು ನನ್ನ ತಲೆಗೆ ಕಟ್ಟಬೇಡಿ.

ತಿಪಟೂರು, ಅನುವಾದಕಿ:
ಇಷ್ಟು ಲೆಕ್ಕದಲ್ಲಿ ಅನುವಾದಕರು ಒಂದು ಸಾಲಿನಲ್ಲಿ ಬಂದು ಹೋದರು. 20,000. ಒಂದು ಕಾದಂಬರಿಗೆ ನಾನು ಒಂದು ವರ್ಷ ಕೂರುತ್ತೇನೆ.

ನನ್ನ ಒಪ್ಪಂದದಲ್ಲಿ ಶೇ. 10 ಗೌರವಧನ (ರಾಯಲ್ಟಿ) ಅಂತಿತ್ತು. ಪುಸ್ತಕದ ಬೆಲೆ 320. ಪ್ರತಿಗೆ 32 ಬರಬೇಕು. ಪ್ರಕಾಶಕರು ಶೇ. 60 ರಿಯಾಯಿತಿಯಲ್ಲಿ 350 ಪ್ರತಿ ಖಾಲಿ ಮಾಡಿದರು. ಆಮೇಲೆ ಗೌರವಧನ ಕೈಗೆ ಬಂದ ದುಡ್ಡಿನ ಮೇಲೆ ಅಂದರು. ಅಂದರೆ 128ಕ್ಕೆ 12 ರೂಪಾಯಿ 80 ಪೈಸೆ. 11,200 ಬರಬೇಕಾದ ಕಡೆ 4,480. ಪಟ್ಟು ಹಿಡಿದೆ. ಪೂರ್ತಿ ವಸೂಲಿ ಮಾಡಿದೆ. ಆ ಪ್ರಕಾಶನಕ್ಕೆ ಮತ್ತೆ ಒಂದು ಪುಟ ಮಾಡಿಕೊಟ್ಟಿಲ್ಲ.

ಉಪ್ಪಾರಹಳ್ಳಿ ಅವರೇ, ನಿಮ್ಮ ಒಪ್ಪಂದ ತೆಗೆದು ಗೌರವಧನ ಯಾವುದರ ಮೇಲೆ ಅಂತ ನೋಡಿ. ವಿದೇಶಿ ಹಕ್ಕಿನ ಪುಸ್ತಕ ಆದರೆ ಇನ್ನೂ ಎಚ್ಚರ ಬೇಕು. ಉಳಿದ ಪ್ರತಿಗಳನ್ನು ಅಗ್ಗಕ್ಕೆ ವಿಲೇವಾರಿ ಮಾಡುವ ಮುಂಚೆ ಮೂಲದವರಿಗೆ ತಿಳಿಸಬೇಕು ಅನ್ನುವ ಕಲಮು ಎಷ್ಟೋ ಒಪ್ಪಂದಗಳಲ್ಲಿ ಇರುತ್ತದೆ.

2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಎಲ್ಲರೂ ಸಿಹಿ ಹಂಚಿದರು. ಅದರ ಬಹುಮಾನ 50,000 ಪೌಂಡ್ ಲೇಖಕಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಸಮ ಪಾಲು. ಅದನ್ನೂ ನೆನಪಿಡಿ.

ಬಂಗಾರಪೇಟೆ:
ಮೇಡಂ, ನಮ್ಮ ಅನುವಾದಕರಿಗೆ 20,000 ಮೊದಲೇ ಕೊಟ್ಟಿದ್ದೆವು. ಪುಸ್ತಕ ಬಿದ್ದರೂ ಅವರ ದುಡ್ಡು ಬೀಳಲಿಲ್ಲ. ಬಿದ್ದದ್ದು ನಮ್ಮದು. ಹೆಂಡತಿಯ ಬಳೆ ಇಟ್ಟು ಕಾಗದ ತಂದವನು ನಾನು.

ತಿಪಟೂರು, ಅನುವಾದಕಿ:
ಬಳೆ ಇಡಿ ಅಂತ ಅನುವಾದಕರು ಹೇಳಿದ್ದರಾ? ನಿಮ್ಮ ನಷ್ಟಕ್ಕೆ ನಮ್ಮ ಕೂಲಿ ಕಾರಣ ಅಲ್ಲ.

ಶಿರಾ ಗೇಟ್:
ಜಗಳ ಬಿಡಿ. ರಿಯಾಯಿತಿ ಇಲ್ಲದೆಯೂ ನಡೆಯುತ್ತದೆ. ನಾವು ನಡೆಸುತ್ತಿದ್ದೇವೆ.

ನಮ್ಮದು ಚಂದಾ ಪದ್ಧತಿ. ವರ್ಷಕ್ಕೆ 1,000 ರೂಪಾಯಿ, ನಾಲ್ಕು ಪುಸ್ತಕ, ಅಂಚೆ ಸೇರಿ. ದುಡ್ಡು ಮೊದಲು ಬರುತ್ತದೆ, ಎಷ್ಟು ಚಂದಾದಾರರೋ ಅದಕ್ಕೆ ಇನ್ನೊಂದಿಷ್ಟು ಸೇರಿಸಿ ಅಚ್ಚು ಹಾಕಿಸುತ್ತೇವೆ. 300 ಪ್ರತಿ ದಾಟಲ್ಲ. ರೂಮು ಬೇಡ, ಗೆದ್ದಲಿನ ಭಯ ಇಲ್ಲ. ಇದೇನು ಹೊಸದಲ್ಲ. ಧಾರವಾಡದಲ್ಲಿ ಜಿ.ಬಿ. ಜೋಶಿ ಅವರು 1933ರಲ್ಲಿ ಮನೋಹರ ಗ್ರಂಥಮಾಲೆ ಶುರು ಮಾಡಿ ಚಂದಾದಾರರನ್ನು ನಂಬಿಯೇ ಬೆಳೆಸಿದರು. ಬಾನು ಮುಷ್ತಾಕ್ ಅವರ ಕಥೆಗಳನ್ನು ಇಂಗ್ಲೆಂಡಿನಲ್ಲಿ ತಂದ ಆಂಡ್ ಅದರ್ ಸ್ಟೋರೀಸ್ ಕೂಡ ಸಣ್ಣ ಸಂಸ್ಥೆಯೇ. ಅವರಿಗೂ ಚಂದಾದಾರರಿದ್ದಾರೆ. ಪುಸ್ತಕದ ಕೊನೆಗೆ ಅವರ ಹೆಸರುಗಳನ್ನು ಅಚ್ಚು ಹಾಕುತ್ತಾರೆ. ನಾವೂ ಹಾಕುತ್ತೇವೆ. ತನ್ನ ಹೆಸರು ಇರುವ ಪುಸ್ತಕಕ್ಕೆ ಯಾರೂ ರಿಯಾಯಿತಿ ಕೇಳಲ್ಲ.

ಮೊದಲ ವರ್ಷ ಪಟ್ಟ ಪಾಡು ಮಾತ್ರ ಹೇಳತೀರದು. ಮೂರನೇ ಪುಸ್ತಕದ ಬೈಂಡಿಂಗ್ ಅಂಟು ಬಿಟ್ಟು ಹಾಳೆ ಉದುರಿದವು. ಮತ್ತೆ ಬೈಂಡ್ ಮಾಡಿಸಿ, ಮತ್ತೆ ಅಂಚೆಗೆ ಹಾಕಿ, ಹೋಗಿ ಬಂದು 13,600 ಖರ್ಚು. ಆದರೂ ಬೆಲೆ ಇಳಿಸಲಿಲ್ಲ.

ಚಿಂತಾಮಣಿ ಮೇಡಂ:
ಒಂದೇ ಸಲ 1,000 ಎಲ್ಲಿಂದ ತರಲಿ ಸರ್? ಯಾವ ಪುಸ್ತಕ ಬರುತ್ತದೆ ಅಂತಲೂ ಗೊತ್ತಿರಲ್ಲ. ಒಂದು ಚಂದಾಕ್ಕೆ ನಾನು ದುಡ್ಡು ಕಟ್ಟಿ ಎರಡೇ ಪುಸ್ತಕ ನೋಡಿದೆ. ಉಳಿದೆರಡು ಇವತ್ತಿಗೂ ಬಂದಿಲ್ಲ. ನಿಮ್ಮದಲ್ಲ, ಬೇರೆಯವರದ್ದು. ಆದರೆ ನಂಬಿಕೆ ಒಂದು ಸಲ ಹೋದರೆ ಹೋದಂತೆ.

ಶಿರಾ ಗೇಟ್:
ಬೇರೆಯವರು ಮಾಡಿದ್ದಕ್ಕೆ ಇಡೀ ಪದ್ಧತಿಯನ್ನು ಬೈಯೋದು ಸರಿಯಲ್ಲ ಮೇಡಂ.

ಉಪ್ಪಾರಹಳ್ಳಿ, ತುಮಕೂರು:
ಎಲ್ಲರಿಗೂ ಧನ್ಯವಾದ. ಒಪ್ಪಂದಗಳನ್ನು ತಂಗಿ ಹುಡುಕುತ್ತಿದ್ದಾಳೆ. ಅಂಚೆ ವೆಚ್ಚ ಎಷ್ಟು ಬೀಳುತ್ತದೆ ಅಂತ ಯಾರಾದರೂ ಹೇಳುತ್ತೀರಾ? ರೂಮು ತಿಂಗಳ ಕೊನೆಗೆ ಬಿಡಬೇಕು.

ಗೌರಿಬಿದನೂರು:
ನಾನು ಹಳೆ ಪುಸ್ತಕ ಕೊಂಡು ಅಂಚೆಯಲ್ಲಿ ಕಳಿಸುವವನು. ಇದರ ಲೆಕ್ಕ ಬಾಯಿಪಾಠ. ಮೊದಲು ರಿಜಿಸ್ಟರ್ಡ್ ಬುಕ್ ಪೋಸ್ಟ್ ಇತ್ತು. 5 ಕೆ.ಜಿ. ಪುಸ್ತಕ 80 ರೂಪಾಯಿಗೆ ದೇಶದ ಯಾವ ಮೂಲೆಗಾದರೂ ಹೋಗುತ್ತಿತ್ತು. 2024ರ ಡಿಸೆಂಬರಿನಲ್ಲಿ ನಿಂತುಹೋಯಿತು. ಆ ಚಳಿಗಾಲದಲ್ಲಿ ನನ್ನ ವ್ಯಾಪಾರ ಅರ್ಧಕ್ಕೆ ಇಳಿಯಿತು. 150 ರೂಪಾಯಿಯ ಪುಸ್ತಕಕ್ಕೆ ಕೊರಿಯರ್ 90 ಅಂದರೆ ಯಾರು ಕೊಳ್ಳುತ್ತಾರೆ? 2025ರ ಮೇ 1ರಿಂದ ಜ್ಞಾನ ಪೋಸ್ಟ್ ಬಂತು. 300 ಗ್ರಾಂವರೆಗೆ 20 ರೂಪಾಯಿ, 5 ಕೆ.ಜಿ.ಗೆ 100, ತೆರಿಗೆ ಬೇರೆ. ನೆಲದ ಮೇಲೇ ಸಾಗುತ್ತದೆ, ವಿಮಾನದಲ್ಲಿ ಅಲ್ಲ. ಸ್ವಲ್ಪ ನಿಧಾನ.

ಐದು ಪುಸ್ತಕದ ಕಟ್ಟಿಗೆ ಅಂಚೆ ವೆಚ್ಚ ನೀವು ಹೊತ್ತರೆ ಏನೂ ಮುಳುಗಲ್ಲ. ಒಂದೊಂದಕ್ಕೇ ಹೊತ್ತರೆ ಮುಳುಗುತ್ತೀರಿ. ಪ್ಯಾಕಿಂಗ್ ದುಡ್ಡನ್ನೂ ಸೇರಿಸಿ. ಪ್ಲಾಸ್ಟಿಕ್ ಕವರು, ಒಳಗೆ ರಟ್ಟು, ಟೇಪು ಸೇರಿ ನನಗೆ ಕಟ್ಟಿಗೆ 14 ಬೀಳುತ್ತದೆ. ರಟ್ಟು ಹಾಕದಿದ್ದರೆ ಮೂಲೆ ಜಜ್ಜಿ ಹೋಗುತ್ತದೆ, ಗಿರಾಕಿ ಬಾಯಿಗೆ ಬಂದಂತೆ ಬೈಯುತ್ತಾರೆ.

ಕೆ.ಜಿ.ಎಫ್. ಹಿರಿಯ:
ಅಗ್ಗಕ್ಕೆ ಕೊಟ್ಟರೆ ಪುಸ್ತಕಕ್ಕೆ ಮರ್ಯಾದೆ ಹೋಗುತ್ತದೆ ಅನ್ನುವ ಮಾತು ಆಗಾಗ ಕೇಳುತ್ತೇನೆ. ನಾನು ಒಪ್ಪಲ್ಲ. ನನ್ನ ತಲೆಮಾರು ಲೋಕದ ಕಥೆ ಓದಿದ್ದೇ ಅಗ್ಗದ ಪುಸ್ತಕದಲ್ಲಿ. ಮಾಸ್ಕೋದ ಪ್ರಗತಿ, ರಾದುಗ ಪ್ರಕಾಶನಗಳು ಕನ್ನಡದಲ್ಲೇ ಅಚ್ಚು ಹಾಕಿ ಕಳಿಸುತ್ತಿದ್ದವು. ನವಕರ್ನಾಟಕ ಪುಸ್ತಕದ ಅಂಗಡಿಯಲ್ಲಿ ಸಿಗುತ್ತಿದ್ದವು. ಗಟ್ಟಿ ರಟ್ಟು, ಹೊಲಿದ ಬೈಂಡಿಂಗ್, ಬೆಲೆ ಟೀ ಬನ್ನಿನ ದುಡ್ಡು. ಗಣಿ ಕೆಲಸದ ಪಾಳಿ ಮುಗಿಸಿ ಬಂದು ಚೆಕಾಫ್, ಗಾರ್ಕಿ ಓದಿದವನು ನಾನು. 1991ರಲ್ಲಿ ಸೋವಿಯತ್ ದೇಶ ಒಡೆಯಿತು, ಪುಸ್ತಕವೂ ನಿಂತಿತು. 2001ರ ಫೆಬ್ರವರಿಯಲ್ಲಿ ನಮ್ಮ ಗಣಿಯೂ ಮುಚ್ಚಿತು. ಮನೆಯಲ್ಲಿ ಸಾಮಾನು ಮಾರಿದೆವು. ಪುಸ್ತಕ ಮಾರಲಿಲ್ಲ. ಆ ಹಾಳೆ ಇವತ್ತಿಗೂ ಒಂದೂ ಉದುರಿಲ್ಲ.

ಬಂಗಾರಪೇಟೆ:
ಅಣ್ಣಾ, ಆ ಅಗ್ಗದ ಹಿಂದೆ ಒಂದು ಸರ್ಕಾರ ನಿಂತಿತ್ತು. ನಮ್ಮ ಹಿಂದೆ ಯಾರಿದ್ದರು? ಅದೂ ಅಲ್ಲದೆ ನಮ್ಮ ಜಿಲ್ಲೆಯಲ್ಲಿ ಮನೆಮಾತು ತೆಲುಗು, ತಮಿಳು. ಇಲ್ಲಿ ಕನ್ನಡದಲ್ಲಿ ಪ್ರಯೋಗದ ಕಥೆ ಕೊಳ್ಳುವವರು ಎಷ್ಟು ಜನ?

ಮುಳಬಾಗಿಲು:
ಅದೊಂದು ಮಾತು ಬೇಡ. ಡಿ.ವಿ.ಜಿ. ನಮ್ಮ ಮುಳಬಾಗಿಲಿನವರು. ಮಾಸ್ತಿಯವರು ಮಾಲೂರು ತಾಲ್ಲೂಕಿನವರು, ಅವರ ಮನೆಮಾತು ತಮಿಳು. ಕನ್ನಡದ ಸಣ್ಣ ಕಥೆಯನ್ನು ಬೆಳೆಸಿದವರು ಅವರೇ ಅಲ್ವಾ? ನಮ್ಮ ಮನೆಯಲ್ಲೂ ತೆಲುಗು. ನಾನು ಓದೋದು ಕನ್ನಡ. ನಿಮ್ಮ ಪುಸ್ತಕ ನಮ್ಮ ಊರಿನ ಯಾವ ಅಂಗಡಿಗೂ ಬರಲಿಲ್ಲ, ನಾನು ಕಣ್ಣಲ್ಲೂ ನೋಡಿಲ್ಲ. ಕೊಳ್ಳುವವರಿಲ್ಲ ಅಂತ ಹೇಗೆ ಹೇಳಿದಿರಿ?

ಬಂಗಾರಪೇಟೆ:
ಮುಳಬಾಗಿಲಿಗೆ ನಾನೇ ಚೀಲ ಹೊತ್ತು ಬಂದಿದ್ದೆ. ಬಸ್ ಸ್ಟ್ಯಾಂಡ್ ಹತ್ತಿರದ ಎರಡೂ ಅಂಗಡಿಯವರು ಗೈಡ್ ಇದ್ದರೆ ಕೊಡಿ ಅಂದರು.

ಬಿ.ಎಚ್. ರಸ್ತೆ, ತುಮಕೂರು:
ಗೈಡಿನ ದುಡ್ಡಲ್ಲೇ ಕಾದಂಬರಿ ನಿಂತಿರೋದು ಅಂತ ಆಗಲೇ ಹೇಳಿದೆ. ಗೈಡ್ ಅಂದರೆ ಯಾಕೆ ಎಲ್ಲರಿಗೂ ಅಷ್ಟು ತಾತ್ಸಾರ?

ತಿಪಟೂರು, ಅನುವಾದಕಿ:
ಇನ್ನೊಂದು ವಿಷಯ. ಉಳಿದ ಏಳರಲ್ಲಿ ಹಳೆಯ ಲೇಖಕರು ಇದ್ದರೆ ಬೇರೆಯಾಗಿ ನೋಡಿ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡು 60 ವರ್ಷ ಕಳೆದರೆ ಹಕ್ಕು ಮುಗಿಯುತ್ತದೆ. ಕಾಫ್ಕಾ 1924ರಲ್ಲಿ ಹೋದವರು, ತಕರಾರಿಲ್ಲ. ಕಮೂ 1960ರಲ್ಲಿ ಹೋದರು, 2021ರಿಂದ ಮುಕ್ತ. ಬೋರ್ಹೆಸ್ ಹೋದದ್ದು 1986ರಲ್ಲಿ, ಹಕ್ಕು ಇನ್ನೂ ಇದೆ. ಆದರೆ ಇಂಗ್ಲಿಷಿನಿಂದ ಕನ್ನಡಕ್ಕೆ ತಂದಿದ್ದರೆ ಆ ಇಂಗ್ಲಿಷ್ ಅನುವಾದಕರ ಹಕ್ಕು ಬೇರೆಯೇ ಇರುತ್ತದೆ. ಅವರ ಅನುಮತಿ ಪಡೆದಿದ್ದೀರಾ?

ಶಿರಾ ಗೇಟ್:
ಮೇಡಂ, ಕನ್ನಡದಲ್ಲಿ ಅಷ್ಟೆಲ್ಲ ಕೇಳುತ್ತಾ ಕೂತರೆ ವರ್ಷಕ್ಕೆ ಒಂದು ಪುಸ್ತಕವೂ ಬರಲ್ಲ.

ತಿಪಟೂರು, ಅನುವಾದಕಿ:
ಬರದಿದ್ದರೂ ಪರವಾಗಿಲ್ಲ. ಚಂದಾದಾರರ ಹೆಸರು ಕೊನೆಯ ಪುಟದಲ್ಲಿ ಹಾಕುತ್ತೀರಲ್ಲ, ನಿಮ್ಮ ಮುಖಪುಟದಲ್ಲಿ ಅನುವಾದಕರ ಹೆಸರು ಇದೆಯಾ? ನನ್ನ ಕೈಯಲ್ಲಿರುವ ಒಂದರಲ್ಲೂ ಇಲ್ಲ.

ಶಿರಾ ಗೇಟ್:
ಒಳಪುಟದಲ್ಲಿದೆ. ಮುಖಪುಟ ಕಲಾವಿದರ ನಿರ್ಧಾರ, ಅದರಲ್ಲಿ ನಾನು ಕೈ ಹಾಕಲ್ಲ.

ಚಿಂತಾಮಣಿ ಮೇಡಂ:
ಉಪ್ಪಾರಹಳ್ಳಿ ಅವರೇ, ಏಳು ಪುಸ್ತಕದ ಹೆಸರು, ಪುಟ, ಬೆಲೆ ಹಾಕಿ. ಅನುವಾದಕರ ಹೆಸರೂ ಹಾಕಿ. ಶಾಲೆಗೆ ಎರಡೆರಡು ಪ್ರತಿ ತೆಗೆದುಕೊಳ್ಳುತ್ತೇನೆ. ದುಡ್ಡು ಒಂದನೇ ತಾರೀಖು ಸಂಬಳ ಆದ ಮೇಲೆ.

ಬಂಗಾರಪೇಟೆ:
ಮುದ್ರಿತ ಬೆಲೆಗಾ?

ಚಿಂತಾಮಣಿ ಮೇಡಂ:
ಅರ್ಧ ಬೆಲೆಗೆ ಸರ್. ಅವರು ಇಟ್ಟ ಬೆಲೆಗೆ.