ಅಪ್‌ಡೇಟ್: ಮಕ್ಕಳ ಜೊತೆ ಕಡಲ ದಾರಿಯ ಪ್ರವಾಸ ಮುಗಿಸಿ ಬಂದೆವು

ಐದು ಮತ್ತು ಎರಡು ವರ್ಷದ ಮಕ್ಕಳನ್ನು ಕರೆದುಕೊಂಡು ಎಂಟು ದಿನ ಕಡಲ ತೀರದುದ್ದಕ್ಕೂ ಕಾರಲ್ಲಿ ಹೋಗಬೇಕು, ದಿನಕ್ಕೆ ಎಷ್ಟು ಗಂಟೆ ಓಡಿಸಬಹುದು ಅಂತ ಕೇಳಿದ್ದೆ. ನಾಲ್ಕು ಗಂಟೆ ಮೀರಬೇಡಿ ಎಂದಿದ್ದಿರಿ. ನಿಮ್ಮ ಮಾತು ನಿಜ. ಮೂರನೇ ದಿನ ಮಾತ್ರ ಆರು ಗಂಟೆ ಆಯ್ತು. ಸಂಜೆ ಹೊತ್ತಿಗೆ ಚಿಕ್ಕವಳು ಬೆಲ್ಟ್ ಹಿಡಿದು ಎಳೆಯುತ್ತಾ ಒಂದೇ ಸಮನೆ ಅತ್ತಳು. ಮರುದಿನ ಎಲ್ಲಿಗೂ ಹೊರಡಲಿಲ್ಲ.

ತಿರುವುಗಳಲ್ಲಿ ದೊಡ್ಡವನಿಗೆ ಚಿತ್ರಪುಸ್ತಕ ಕೊಟ್ಟಿದ್ದು ನಮ್ಮ ತಪ್ಪು. ಕಣ್ಣು ಪುಟದ ಮೇಲೆ ನೆಟ್ಟಿರುತ್ತದೆ, ಕಾರು ತಿರುಗುವುದು ಒಳಕಿವಿಗೆ ಗೊತ್ತಾಗುತ್ತದೆ. ಎರಡೂ ತಾಳೆಯಾಗದೆ ಹೊಟ್ಟೆ ತೊಳಸುತ್ತದೆ, ಅಲ್ವಾ? ಪುಸ್ತಕ ಎತ್ತಿಟ್ಟು, ದೂರದಲ್ಲಿ ನೀರು ಆಕಾಶ ಸೇರುವ ಗೆರೆ ನೋಡು ಅಂದೆವು. ಆಮೇಲೆ ವಾಂತಿ ಆಗಲಿಲ್ಲ.

ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಉಬ್ಬರವಿಳಿತದ ವೇಳಾಪಟ್ಟಿ. ಹೆಚ್ಚಿನ ತೀರಗಳಲ್ಲಿ ನೀರು ಏರಲು ಸುಮಾರು 6 ಗಂಟೆ, ಇಳಿಯಲು ಮತ್ತೆ ಸುಮಾರು 6 ಗಂಟೆ ಬೇಕು. ಉಬ್ಬರವಿಳಿತದ ಹೊತ್ತು ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹಾಗಾಗಿ ಮೊದಲ ದಿನ ಬೆಳಗ್ಗೆ ಆಡಲು ಸಿಕ್ಕ ಜಾಗ, ಎಂಟನೇ ದಿನ ಅದೇ ಹೊತ್ತಿಗೆ ನೀರಿನಡಿ ಇರಬಹುದು. ನೀರು ಇನ್ನೂ ಇಳಿಯುತ್ತಿರುವಾಗಲೇ ತಲುಪುವ ಹಾಗೆ ಹೊರಡುತ್ತಿದ್ದೆವು. ಬಂಡೆಗಳ ನಡುವೆ ನಿಂತ ಮೊಣಕಾಲು ಆಳದ ನೀರಲ್ಲಿ ಉಗುರಿನಷ್ಟು ಚಿಕ್ಕ ಏಡಿ ಕಂಡಿತು. ಇಬ್ಬರೂ ಕುಕ್ಕರಗಾಲಲ್ಲಿ ಕೂತು, ಅದಕ್ಕೆ ಬಿಸಿಲು ತಾಗಬಾರದೆಂದು ಕೈ ಅಡ್ಡ ಹಿಡಿದಿದ್ದರು. ಅಲ್ಲೇ ಒಂದು ಗಂಟೆ ಕಳೆದೆವು.

ಉತ್ತರ ಕೊಟ್ಟ ಎಲ್ಲರಿಗೂ ಮನಸಾರೆ ಧನ್ಯವಾದ.