ಸಾಮಾನ್ಯ ವೈದ್ಯವೃತ್ತಿಗಾಗಿ ಎಂಬಿಬಿಎಸ್ ಪಠ್ಯಕ್ರಮವನ್ನು ಹೇಗೆ ರೂಪಿಸಬೇಕು?

ಪ್ರಶ್ನೆ: ಬೋಧಕ, ರಾಯಚೂರು
ನಮ್ಮ ಕಾಲೇಜಿನ ಪಠ್ಯಕ್ರಮ ಸಮಿತಿಯಲ್ಲಿ ಸಾಮಾನ್ಯ ವೈದ್ಯವೃತ್ತಿಯ ಕಲಿಕೆಗೆ ಎಲ್ಲಿ ಜಾಗ ಕೊಡಬೇಕೆಂಬ ಚರ್ಚೆ ನಡೆದಿದೆ. ವಾರ್ಡಿನಲ್ಲಿ ವಿದ್ಯಾರ್ಥಿ ನೋಡುವ ರೋಗಿಯದು ಯಾವ ವಿಭಾಗದ ಕಾಯಿಲೆಯೆಂಬುದು ಅಷ್ಟರಲ್ಲಾಗಲೇ ತೀರ್ಮಾನವಾಗಿರುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುವವರಾದರೋ “ಆರಾಮಿಲ್ರೀ, ಕೈಕಾಲು ಸೆಳೀತಾವ” ಎಂದಷ್ಟೇ ಹೇಳಿ ಕೂರುತ್ತಾರೆ. ಇಂಟರ್ನ್‌ಶಿಪ್‌ಗೆ ಮೊದಲೇ ಇಂಥವರನ್ನು ನೋಡುವುದನ್ನು ಕಲಿಸುವ ಬಗೆ ಯಾವುದು?

ಉತ್ತರ: ವೈದ್ಯೆ, ಸಮುದಾಯ ಆರೋಗ್ಯ ಕೇಂದ್ರ, ಬಳ್ಳಾರಿ ಜಿಲ್ಲೆ
ಸರ್, 1961ರಲ್ಲಿ ವೈದ್ಯ-ಸಂಶೋಧಕ ಕೆರ್ ವೈಟ್ ಮತ್ತು ಸಂಗಡಿಗರು ಅಮೆರಿಕ ಹಾಗೂ ಬ್ರಿಟನ್ನಿನ ಅಂಕಿಅಂಶಗಳಿಂದ ಹಾಕಿದ ಲೆಕ್ಕದಲ್ಲಿ, 1000 ವಯಸ್ಕರ ಪೈಕಿ ಒಂದು ತಿಂಗಳಲ್ಲಿ 750 ಮಂದಿಗೆ ಏನಾದರೊಂದು ಅನಾರೋಗ್ಯವಿದ್ದರೂ ವೈದ್ಯರನ್ನು ಕಂಡವರು 250, ಆಸ್ಪತ್ರೆ ಸೇರಿದವರು 9, ಬೋಧನಾ ಆಸ್ಪತ್ರೆಯವರೆಗೆ ಹೋದವರು ಒಬ್ಬರೇ. ಆ ಒಬ್ಬರನ್ನು ನೋಡಿ ಉಳಿದ 249 ಮಂದಿಯ ಚಿಕಿತ್ಸೆಯನ್ನು ಕಲಿಯುವ ಕ್ರಮವೇ ನಮ್ಮಲ್ಲಿಯೂ ಇದೆ.

ಆದ್ದರಿಂದ ಹೊಸ ವಿಷಯ ಸೇರಿಸುವುದಕ್ಕಿಂತ ಕಲಿಯುವ ಜಾಗವನ್ನು ಬದಲಿಸಬೇಕು. 2021-22ರ ತಂಡದಿಂದ ಕುಟುಂಬ ದತ್ತು ಕಾರ್ಯಕ್ರಮ ಬಂದಿದ್ದು, ವಿದ್ಯಾರ್ಥಿಗಳು ಮೊದಲ ವರ್ಷದಿಂದಲೇ ಹಳ್ಳಿಯ ಕೆಲವು ಮನೆಗಳಿಗೆ ಹೋಗಿಬರುತ್ತಾರೆ. ಆ ಹಳ್ಳಿಗೆ ಸೇರಿದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ವಾರಕ್ಕೊಂದು ದಿನ, ಕೊನೆಯ ವರ್ಷದವರೆಗೂ, ಅವರನ್ನು ಕೂರಿಸಿ. ಕುಡಿಯುವ ನೀರಿನಲ್ಲಿ, ಮೂಳೆ-ಕೀಲುಗಳನ್ನು ಬಿಗಿಯಾಗಿಸುವ ಫ್ಲೋರೈಡ್ ಹೆಚ್ಚಿರುವ ಊರುಗಳು ನಮ್ಮ ಕಡೆ ಇವೆ; ಬೆನ್ನು ಬಗ್ಗಿಸಲಾಗದ ಹಿರಿಯರಿಗೆ ನೋವಿನ ಮಾತ್ರೆ ಬರೆಯುವ ಮೊದಲು “ಯಾವ ಬೋರಿನ ನೀರು ಕುಡೀತೀರಿ?” ಎಂದು ಕೇಳಬೇಕೆಂಬುದು ಅವರ ಮನೆಗೆ ಹೋಗಿಬಂದ ವಿದ್ಯಾರ್ಥಿಗೆ ತಾನಾಗಿಯೇ ಹೊಳೆಯುತ್ತದೆ. ಮಾತ್ರೆಯಿಂದ ಗುಣ ಕಂಡಿತೋ ಇಲ್ಲವೋ ಎಂಬುದನ್ನು ಮುಂದಿನ ವಾರ ಅದೇ ವಿದ್ಯಾರ್ಥಿ ನೋಡಬೇಕು. ನಾನು ಓದುವಾಗ ಈ ಅವಕಾಶ ಸಿಗಲಿಲ್ಲವೆಂಬ ಕೊರಗು ನನಗೆ ಈಗಲೂ ಇದೆ.

ಉತ್ತರ: ಹೌಸ್ ಸರ್ಜನ್, ಕೊಪ್ಪಳ
ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಪರೀಕ್ಷೆಯಲ್ಲಿ ಕೇಳದ್ದನ್ನು ನಾವು ಓದುವುದಿಲ್ಲ. ಅಂತಿಮ ವರ್ಷದ ಪ್ರಾಯೋಗಿಕ ಪರೀಕ್ಷೆಯಲ್ಲಿ ಇಂಥದ್ದೊಂದು ಪ್ರಕರಣವಿರಲಿ: ಹೊಲಕ್ಕೆ ಕೀಟನಾಶಕ ಹೊಡೆದು ಬಂದವನಿಗೆ ಬೆವರು, ಜೊಲ್ಲು ಸುರಿಯುತ್ತಿದ್ದು ಕಣ್ಣಪಾಪೆ ಕಿರಿದಾಗಿದೆ; ಕೇಂದ್ರದಲ್ಲಿ ಆ ವಿಷಕ್ಕೆ ಕೊಡುವ ಅಟ್ರೋಪಿನ್ ಇದೆ, ವೆಂಟಿಲೇಟರ್ ಇಲ್ಲ. ಬಟ್ಟೆ ತೆಗೆಸಿ ಮೈ ತೊಳೆಸುವುದರಿಂದ ಹಿಡಿದು, ಕೊಟ್ಟ ಡೋಸು ಮತ್ತು ಸಮಯವನ್ನು ರೆಫರಲ್ ಚೀಟಿಯಲ್ಲಿ ಬರೆಯುವವರೆಗೆ ಪ್ರತಿ ಹೆಜ್ಜೆಗೂ ಅಂಕವಿರಲಿ.

ಉತ್ತರ: ನಿವೃತ್ತ ವೈದ್ಯಾಧಿಕಾರಿ, ಸಿಂಧನೂರು
ವೈದ್ಯಾಧಿಕಾರಿ ಒಬ್ಬರೇ ಇರುವ ಕೇಂದ್ರದಲ್ಲಿ ಹೊರರೋಗಿಗಳ ಸಾಲಿನ ನಡುವೆ ಕಲಿಸಲು ಬಿಡುವು ಸಿಗುವುದಿಲ್ಲ. ಕಾಲೇಜಿನ ಬೋಧಕರೊಬ್ಬರು ಆ ದಿನ ಅಲ್ಲಿಯೇ ಕುಳಿತು ರೋಗಿಗಳನ್ನು ನೋಡಲಿ. ಆಂಧ್ರದ ಕಡೆಯಿಂದ ಬಂದವರು ನೆಲೆಸಿರುವ ನಮ್ಮ ಕ್ಯಾಂಪುಗಳಿಗೆ ಬರುವ ವಿದ್ಯಾರ್ಥಿಗೆ ಕನ್ನಡದ ಜೊತೆಗೆ ಒಂದಿಷ್ಟು ತೆಲುಗೂ ಬೇಕಾಗುತ್ತದೆ. ಒಮ್ಮೆಗೆ ಮೂವರಿಗಿಂತ ಹೆಚ್ಚು ವಿದ್ಯಾರ್ಥಿಗಳನ್ನು ಕಳಿಸಬೇಡಿ. ಗುಂಪು ಕಂಡರೆ ಹೆಣ್ಣುಮಕ್ಕಳು ಬಿಳಿ ಹೋಗುವ ಮಾತನ್ನು ಎತ್ತದೆ, ತಲೆನೋವೆಂದು ಹೇಳಿ ಮಾತ್ರೆ ಇಸಿದುಕೊಂಡು ಹೊರಟುಬಿಡುತ್ತಾರೆ.